ಒಂದೇ ಸಿಗಾರಿಗೆ 91 ಮತ್ತು 82: ಕೆಟ್ಟಿರುವುದು ನಾಲಿಗೆಯೋ, ಲೆಕ್ಕವೋ?

ಓದುಗರ ಪ್ರಶ್ನೆ:

"ನನಗೆ 43 ವರ್ಷ. ತಿಂಗಳಿಗೆ ಎರಡು ಮೂರು ಸಿಗಾರ್ ಸೇದುವ ಹವ್ಯಾಸ ಇದೆ. ಈಚೆಗೆ ಗೆಳೆಯರೊಬ್ಬರು ಬ್ಯಾಂಡ್ (ಹೆಸರಿರುವ ಕಾಗದದ ಪಟ್ಟಿ) ಕಿತ್ತು, ಬರೀ ನಂಬರ್ ಚೀಟಿ ಕಟ್ಟಿದ ಆರು ಸಿಗಾರ್ ಕೊಟ್ಟರು. ಒಂದೊಂದನ್ನೇ ಸೇದಿ, ರುಚಿ ಬರೆದು, ನೂರಕ್ಕೆ ಅಂಕ ಹಾಕಿ, ಯಾವ ದೇಶದ್ದು ಅಂತ ಹೇಳಬೇಕು ಅನ್ನೋದು ಪಂದ್ಯ. ದೇಶ ಒಂದೂ ಸರಿ ಬರಲಿಲ್ಲ. ಕಪ್ಪಗಿದ್ದ 4ನೇದು ಭಾರಿ ಸ್ಟ್ರಾಂಗ್ ಇರುತ್ತೆ ಅಂದುಕೊಂಡಿದ್ದೆ, ಸಿಹಿಯಾಗಿ ಮೆತ್ತಗಿತ್ತು. ಅದೇ ಸಂಜೆ 5ನೇದನ್ನೂ ಸೇದಿದೆ. 'ಕಹಿ, ಒಣ ಖಾರ' ಅಂತ ಬರೆದು 82 ಕೊಟ್ಟೆ. ಆಮೇಲೆ ಗೊತ್ತಾಯಿತು, 'ಕೋಕೋ, ಕೆನೆ' ಅಂತ ಹೊಗಳಿ 91 ಕೊಟ್ಟಿದ್ದ 2ನೇದೂ ಈ 5ನೇದೂ ಒಂದೇ ಸಿಗಾರ್! ತಿಳಿ ಬಣ್ಣದ 6ನೇದು ಅರ್ಧಕ್ಕೇ ತಲೆ ಸುತ್ತಿಸಿ ಬೆವರು ಬರಿಸಿತು. 3ನೇದರ ಮೇಲೆ ಬಿಳಿ ಪುಡಿ ಇತ್ತು. ಅದು ಚೆನ್ನಾಗಿ ಮಾಗಿದ ಗುರುತು ಅಂದರು ಗೆಳೆಯರು. ಬೇರೆಯವರು ಚರ್ಮ, ಜಾಯಿಕಾಯಿ, ದೇವದಾರು ಅಂತೆಲ್ಲ ಬರೆಯುತ್ತಾರೆ. ನನಗೆ ಹೆಚ್ಚಿನ ಸಲ ಹೊಗೆ ಬಿಟ್ಟು ಬೇರೇನೂ ಸಿಗಲ್ಲ. ನನ್ನ ನಾಲಿಗೆಯೇ ಸರಿ ಇಲ್ವಾ? ಇನ್ನೊಂದು, ನಾನು ಹೊಗೆ ಒಳಗೆ ಎಳೆಯಲ್ಲ. ಹಾಗಾಗಿ ಆರೋಗ್ಯದ ವಿಷಯದಲ್ಲಿ ತಲೆ ಕೆಡಿಸಿಕೊಂಡಿಲ್ಲ. ಸರಿ ತಾನೇ?"

ತಜ್ಞರ ಉತ್ತರ:

ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ದೇಶದ ಊಹೆ ತಪ್ಪಿದ್ದರಲ್ಲಿ ಆಶ್ಚರ್ಯ ಇಲ್ಲ, ಆ ಪ್ರಶ್ನೆಯೇ ಅಷ್ಟು ಸರಿಯಿಲ್ಲ. ಬಿಳಿ ಪುಡಿಯ ಬಗ್ಗೆ ಗೆಳೆಯರು ಹೇಳಿದ್ದನ್ನು ನಂಬಬೇಡಿ. ಕೊನೆಯ ಮಾತು, ಹೊಗೆ ಒಳಗೆ ಎಳೆಯದಿದ್ದರೆ ಚಿಂತೆಯಿಲ್ಲ ಅನ್ನೋದು, ಪೂರ್ತಿ ತಪ್ಪು. ಅದನ್ನು ನಿಮ್ಮ 6ನೇ ಸಿಗಾರೇ ತೋರಿಸಿಕೊಟ್ಟಿದೆ.

ನಾನು ತಂಬಾಕು ಎಲೆ ವಿಂಗಡಿಸುವ, ಬ್ಲೆಂಡ್ ಕೂಡಿಸುವ ಕೆಲಸದವನು. ಹೆಸರು ಮುಚ್ಚಿಟ್ಟ ಸಿಗಾರ್‌ಗಳ ಮುಂದೆ ಕೂರುವುದು ಈ ಕೆಲಸದ ಒಂದು ಭಾಗ. ಅಂಥ ಮೇಜಿನ ಮೇಲೆ ಬೇಕಂತಲೇ ಒಂದೇ ಸಿಗಾರನ್ನು ಎರಡು ನಂಬರಿನಲ್ಲಿ ಇಡುತ್ತೇವೆ. ಯಾರನ್ನೋ ಮಂಗ ಮಾಡುವುದಕ್ಕಲ್ಲ. ರುಚಿ ನೋಡುವವರು ಅವತ್ತು ಎಷ್ಟು ಸ್ಥಿರವಾಗಿದ್ದಾರೆ ಅಂತ ತಿಳಿಯಲು ಬೇರೆ ದಾರಿ ಇಲ್ಲ. ನಿಮ್ಮ ಗೆಳೆಯರು ತಮಾಷೆಗೆ ಮಾಡಿದರೋ ತಿಳಿದು ಮಾಡಿದರೋ, ಆ ಆರರಲ್ಲಿ ನಿಮಗೆ ಹೆಚ್ಚು ಕಲಿಸಿದ ಜೋಡಿ ಅದೇ.

ವೈನ್ ಲೋಕದಲ್ಲಿ ಇದನ್ನು ಒಬ್ಬರು ಅಳೆದೇ ನೋಡಿದ್ದಾರೆ. ರಾಬರ್ಟ್ ಹಾಡ್ಜ್‌ಸನ್ ಅನ್ನುವವರು ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಮೂರು ಸಲ, ಬೇರೆ ಬೇರೆ ಗುರುತಿನಲ್ಲಿ ಕೊಡಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಇನ್ನೂ ಅಷ್ಟೇ ಮಂದಿ ಅದೇ ವೈನಿಗೆ ಒಮ್ಮೆ ಕಂಚು, ಒಮ್ಮೆ ಚಿನ್ನ ಕೊಟ್ಟಿದ್ದರು. ಅವರು ಇದರಲ್ಲಿ ಪಳಗಿದವರು. ಹವ್ಯಾಸಕ್ಕೆ ಸೇದುವ ನೀವು ಒಂಬತ್ತು ಅಂಕ ಅತ್ತಿತ್ತ ಆದಿರಿ ಅಂತ ಬೇಸರ ಮಾಡಿಕೊಳ್ಳಬೇಕಿಲ್ಲ.

ಆದರೂ ಒಂಬತ್ತು ಅಂಕ ಎಲ್ಲಿಂದ ಬಂತು ಅಂತ ಹುಡುಕುವುದು ಒಳ್ಳೆಯದು. ನಿಮ್ಮ ಪತ್ರದಲ್ಲೇ ಸುಳಿವಿದೆ.

ಮೊದಲನೆಯದು, ಸರದಿ. 5ನೇದನ್ನು ನೀವು 4ನೇದರ ಬೆನ್ನಿಗೇ ಸೇದಿದಿರಿ. 4 ಸಿಹಿಯಾಗಿ ಮೆತ್ತಗಿತ್ತು ಅಂತ ನೀವೇ ಬರೆದಿದ್ದೀರಿ. ಸಿಹಿಯ ನಂತರ ಬಾಯಿಗೆ ಬಂದದ್ದು ಇರುವುದಕ್ಕಿಂತ ಜಾಸ್ತಿ ಕಹಿ ಅನಿಸುತ್ತದೆ. ಸಾಲದ್ದಕ್ಕೆ ಮೊದಲ ಸಿಗಾರಿನ ಟಾರ್ (ಹೊಗೆಯಲ್ಲಿರುವ ಅಂಟು ಜಿಡ್ಡು) ಬಾಯಿಯ ಗೋಡೆಗೆಲ್ಲ ಹತ್ತಿರುತ್ತದೆ, ನಿಕೋಟಿನ್ ಮೈಗೆ ಆಗಲೇ ಏರಿರುತ್ತದೆ. ಒಂದೇ ಸಂಜೆ ಎರಡನೆಯ ಸಿಗಾರಿಗೆ ನ್ಯಾಯ ಸಿಗುವುದು ಕಷ್ಟ. ನಾವು ಒಂದು ಕೂತಲ್ಲಿ ಎರಡನ್ನು ಹೋಲಿಸಲೇಬೇಕಾದಾಗ ಎರಡನ್ನೂ ಒಟ್ಟಿಗೆ ಹೊತ್ತಿಸಿ ಒಂದೊಂದು ದಮ್ ಬದಲಾಯಿಸುತ್ತಾ ಹೋಗುತ್ತೇವೆ. ಒಂದು ಮುಗಿಸಿ ಇನ್ನೊಂದಕ್ಕೆ ಹೋಗುವುದಿಲ್ಲ.

ಎರಡನೆಯದು, ತೇವ. ಸಿಗಾರ್ ಇಡುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 65ರಿಂದ 70 ಶೇಕಡಾ ತೇವ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಶಾಖ ಕಾಯ್ದುಕೊಳ್ಳುತ್ತಾರೆ. ತೇವ ಕಮ್ಮಿಯಾದರೆ ಎಲೆ ಬೇಗ ಉರಿಯುತ್ತದೆ, ಹೊಗೆ ಬಿಸಿಯಾಗುತ್ತದೆ. ಬಿಸಿ ಹೊಗೆ ನಾಲಿಗೆಗೆ ಚುರುಕ್ ಅನ್ನುತ್ತದೆ. ನಿಮ್ಮ "ಒಣ ಖಾರ" ಎಲೆಯ ಗುಣ ಅಲ್ಲದೆ ಹೀಗೆ ಒಣಗಿದ್ದರ ಫಲವೂ ಇರಬಹುದು. ತೇವ ಜಾಸ್ತಿಯಾದರೆ ಉಲ್ಟಾ: ಸಿಗಾರ್ ಉಬ್ಬಿ ಬಿಗಿಯಾಗುತ್ತದೆ, ಪದೇಪದೇ ಆರುತ್ತದೆ, ಮತ್ತೆ ಮತ್ತೆ ಹೊತ್ತಿಸಿದಾಗ ಕಹಿ ಬರುತ್ತದೆ. 2ನ್ನು ಸೇದಿ 5ಕ್ಕೆ ಬರುವ ತನಕ ಉಳಿದವನ್ನು ಎಲ್ಲಿ ಇಟ್ಟಿದ್ದಿರಿ ಅಂತ ನೀವು ಬರೆದಿಲ್ಲ. ಮೇಜಿನ ಮೇಲೆ ಸುಮ್ನೆ ಇಟ್ಟಿದ್ದರೆ ಅಷ್ಟೇ ಸಾಕು, ಅದು ಬೇರೆಯೇ ಸಿಗಾರ್ ಆಗಿಬಿಟ್ಟಿರುತ್ತದೆ.

ಮೂರನೆಯದು, ನೀವು ದಮ್ ಎಳೆಯುವ ವೇಗ. ಪಂದ್ಯ ಅಂದರೆ ಗಮನ ಕೊಟ್ಟು ಸೇದುತ್ತೇವೆ, ಗಮನ ಕೊಟ್ಟಾಗ ಗೊತ್ತಿಲ್ಲದೆ ಜಾಸ್ತಿ ಎಳೆಯುತ್ತೇವೆ. ನಿಮಿಷಕ್ಕೆ ಒಂದು ದಮ್ ಸಾಕು. ಅದಕ್ಕಿಂತ ವೇಗವಾದರೆ ಉರಿಯುವ ತುದಿ ಕಾದು, ಎಷ್ಟೇ ಒಳ್ಳೆಯ ಎಲೆಯಾದರೂ ಕಹಿಯಾಗುತ್ತದೆ. ಕೈಯಲ್ಲಿ ಸುತ್ತಿದ ಸಿಗಾರ್‌ಗಳಲ್ಲಿ ಒಂದೇ ಡಬ್ಬಿಯ ಎರಡರ ನಡುವೆಯೂ ಬಿಗಿಯಲ್ಲಿ ವ್ಯತ್ಯಾಸ ಇರುತ್ತದೆ. ಒಳಗಿನ ಎಲೆಗಳ ಮಡಿಕೆ ಒಂದು ಕಡೆ ಒತ್ತಾಗಿ ಬಿದ್ದರೆ ನೀವು ಜೋರಾಗಿ ಎಳೆಯಲೇಬೇಕಾಗುತ್ತದೆ.

ಇನ್ನು ನೂರು ಅಂಕದ ಪದ್ಧತಿ. ನನಗೆ ಅದರ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಹೆಸರಿಗೆ ನೂರು, ಆದರೆ ಯಾರೂ 80ಕ್ಕಿಂತ ಕೆಳಗೆ ಇಳಿಯುವುದು ಅಪರೂಪ, 95 ದಾಟುವುದೂ ಅಪರೂಪ. ಹದಿನೈದು ಮೆಟ್ಟಿಲ ಮೇಲೆ ಎಲ್ಲರೂ ಓಡಾಡುತ್ತಿರುತ್ತಾರೆ, 88ಕ್ಕೂ 89ಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಒಬ್ಬರೇ ಕೂತು ಹವ್ಯಾಸಕ್ಕೆ ಬರೆಯುವವರಿಗೆ ಮೂರೇ ಉತ್ತರ ಸಾಕು: ಮತ್ತೆ ಸೇದುತ್ತೇನೆ, ಕೊಟ್ಟರೆ ಸೇದುತ್ತೇನೆ, ಬೇಡ. ಇದು ಒರಟು ಅನಿಸಬಹುದು. ಆದರೆ ಇವತ್ತು "ಬೇಡ" ಅಂದವರು ನಾಳೆ "ಮತ್ತೆ ಸೇದುತ್ತೇನೆ" ಅಂದರೆ ಅದು ನಿಜವಾದ ಗೊಂದಲ, ಗಮನಿಸಬೇಕಾದ್ದು.

ರುಚಿ ಸಿಗದಿರುವುದಕ್ಕೆ ಕಾರಣ ನಾಲಿಗೆ ಅಲ್ಲ, ಮೂಗು

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಉಮಾಮಿ ಅನ್ನುವ ಐದನೆಯದು (ಅಣಬೆ, ಮಾಂಸದ ಸಾರಿನಲ್ಲಿ ಸಿಗುವಂಥದ್ದು). ಕಾಳುಮೆಣಸಿನಂಥ ಖಾರ ರುಚಿಯೇ ಅಲ್ಲ, ಅದು ಉರಿಯನ್ನು ತಿಳಿಸುವ ನರದ ಕೆಲಸ. ಉಳಿದದ್ದೆಲ್ಲ, ಅಂದರೆ ಕೋಕೋ, ಮರ, ಮಣ್ಣು, ಒಣಹುಲ್ಲು, ಚರ್ಮ, ಎಲ್ಲವೂ ಮೂಗಿನವು. ಬಾಯಿಯ ಹಿಂಭಾಗದಿಂದ ಮೂಗಿಗೆ ಹೋಗುವ ದಾರಿಯಲ್ಲಿ ಅವು ಸಿಗುತ್ತವೆ. ನೀವು ಬಾಯಲ್ಲಿ ಹೊಗೆ ತುಂಬಿ ಬಾಯಿಂದಲೇ ಬಿಟ್ಟರೆ ಆ ದಾರಿ ಬಹುಪಾಲು ಮುಚ್ಚಿಯೇ ಇರುತ್ತದೆ. ಆಗ ಉಳಿಯುವುದು ಸ್ವಲ್ಪ ಕಹಿ, ಸ್ವಲ್ಪ ಖಾರ, ತುಂಬಾ "ಹೊಗೆ".

ಅನುಭವಿಗಳು ಮಾಡುವುದು ಹೀಗೆ. ಹೊಗೆಯನ್ನು ಬಾಯಲ್ಲಿ ತುಂಬಿಕೊಂಡು ಮುಕ್ಕಾಲು ಪಾಲು ಬಾಯಿಂದಲೇ ಹೊರಗೆ ಬಿಡುತ್ತಾರೆ. ಆಮೇಲೆ ಬಾಯಿ ಮುಚ್ಚಿ, ಉಳಿದ ಚೂರನ್ನು ಮೂಗಿನಿಂದ ಮೆಲ್ಲಗೆ ಹೊರಗೆ ತಳ್ಳುತ್ತಾರೆ. ಉಸಿರನ್ನು ಒಳಗೆ ಎಳೆಯುವ ಮಾತೇ ಇಲ್ಲ, ಹೊರಗೆ ಬಿಡುವುದು ಮಾತ್ರ. ಮೊದಲ ಸಲ ಕಣ್ಣಲ್ಲಿ ನೀರು ಬರುತ್ತದೆ. ಪ್ರತಿ ದಮ್ಮಿಗೂ ಹೀಗೆ ಮಾಡಬೇಡಿ. ಮೂಗಿನ ಒಳಪದರವನ್ನು ಹೊಗೆ ಕೆರಳಿಸುತ್ತದೆ, ವಾಸನೆ ಹಿಡಿಯುವ ಶಕ್ತಿಯೂ ಅವತ್ತಿನ ಮಟ್ಟಿಗೆ ಮಂದವಾಗುತ್ತದೆ. ಸಿಗಾರಿನ ಆರಂಭ, ನಡು, ಕೊನೆ ಅಂತ ಮೂರು ಭಾಗ ಮಾಡಿಕೊಂಡರೆ, ಒಂದೊಂದರಲ್ಲಿ ಒಂದೆರಡು ಸಲ ಸಾಕು. ಶೀತ, ಸೈನಸ್ ತೊಂದರೆ ಇದ್ದ ದಿನ ಬೇಡವೇ ಬೇಡ.

ಚರ್ಮ, ಜಾಯಿಕಾಯಿ ವಿಷಯ. ಅವು ಸಿಗಾರಿನೊಳಗೆ ಇಲ್ಲ ಅಂತ ನಿಮಗೂ ಗೊತ್ತು. ಎಲೆ ಹುದುಗುವಾಗ ಮತ್ತು ಉರಿಯುವಾಗ ನೂರಾರು ವಸ್ತುಗಳು ಹುಟ್ಟುತ್ತವೆ. ಅವುಗಳಲ್ಲಿ ಪೈರಜೀನ್ ಅನ್ನುವ ಗುಂಪು ಹುರಿದ ಕಾಫಿ ಬೀಜದಲ್ಲೂ ಕೋಕೋದಲ್ಲೂ ಇರುತ್ತದೆ. ಹಾಗಾಗಿ "ಕಾಫಿ, ಕೋಕೋ" ಅನ್ನುವುದು ಬರೀ ಕವಿತೆ ಅಲ್ಲ. ಆದರೆ ಒಂದೇ ದಮ್ಮಿನಲ್ಲಿ ಎಂಟು ರುಚಿ ಪಟ್ಟಿ ಮಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರು "ದೇವದಾರು" ಅಂದ ತಕ್ಷಣ ಉಳಿದವರ ಹಾಳೆಯಲ್ಲೂ ದೇವದಾರು ಬೆಳೆಯುವುದನ್ನು ನೋಡಿದ್ದೇನೆ. ಅದಕ್ಕೇ ಎಲ್ಲರೂ ಬರೆದು ಮುಗಿಸುವ ತನಕ ಮಾತು ಬೇಡ ಅನ್ನುವ ನಿಯಮ. ನಿಮ್ಮ ಮೂಗಿಗೆ ಗೊತ್ತಿರುವ ವಾಸನೆಯ ಹೆಸರನ್ನೇ ಬರೆಯಿರಿ. "ಒದ್ದೆ ಹಲಗೆ", "ಹಳೇ ಪುಸ್ತಕದ ಕಪಾಟು" ಅಂತ ಬರೆದರೂ ಪರವಾಗಿಲ್ಲ. ಆರು ತಿಂಗಳ ನಂತರ ಓದಿದಾಗ ನಿಮಗೆ ಅರ್ಥವಾಗಬೇಕು, ಅಷ್ಟೇ.

ಬಣ್ಣ, ಬೂದಿ, ಪುಡಿ

ಕಪ್ಪು ಸಿಗಾರ್ ಸ್ಟ್ರಾಂಗ್, ತಿಳಿ ಬಣ್ಣದ್ದು ಸಾಧು ಅನ್ನುವ ನಂಬಿಕೆ ಎಷ್ಟು ಗಟ್ಟಿ ಅಂದರೆ, ಗೊತ್ತಿರುವವರೂ ಕಣ್ಣೆದುರು ಕಪ್ಪು ಕಂಡ ಕೂಡಲೇ ಪೆನ್ನು ಹಿಡಿದು "ಬಲವಾದ" ಅಂತ ಶುರು ಮಾಡುತ್ತಾರೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫ್ರಾನ್ಸಿನ ಬೋರ್ಡೋದ ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಿದ್ದರು. ಒಟ್ಟು 54 ಮಂದಿ. ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. ಕಣ್ಣು ಮೊದಲು ತೀರ್ಪು ಕೊಟ್ಟರೆ ಮೂಗು ತಲೆಯಾಡಿಸುತ್ತದೆ.

ನಿಜ ಸಂಗತಿ ಏನಂದರೆ, ನಿಮಗೆ ಕಾಣುವ ಬಣ್ಣ ಹೊರಗಿನ ರ‍್ಯಾಪರ್ ಎಲೆಯದ್ದು. ತೂಕದಲ್ಲಿ ಅದರ ಪಾಲು ಸಣ್ಣದು. ರುಚಿಗೆ ಅದು ತುಂಬಾ ಮುಖ್ಯ, ಆದರೆ ತಲೆಗೆ ಏರುವುದು ಮುಖ್ಯವಾಗಿ ಒಳಗಿನ ಫಿಲ್ಲರ್ ಎಲೆಗಳಿಂದ. ತಂಬಾಕು ಗಿಡದ ತುದಿಯ ಎಲೆಗಳಿಗೆ ಬಿಸಿಲು ಜಾಸ್ತಿ, ದಪ್ಪ, ನಿಕೋಟಿನ್ ಜಾಸ್ತಿ. ಅವನ್ನು ಲಿಗೇರೋ ಅನ್ನುತ್ತಾರೆ. ನಡುವಿನವು ಸೆಕೋ, ಪರಿಮಳಕ್ಕೆ. ಕೆಳಗಿನವು ವೊಲಾಡೋ, ತೆಳು, ಚೆನ್ನಾಗಿ ಉರಿಯುತ್ತವೆ. ಲಿಗೇರೋ ನಿಧಾನವಾಗಿ ಉರಿಯುವುದರಿಂದ ಅದನ್ನು ಸಿಗಾರಿನ ನಟ್ಟನಡುವೆ ಇಡುತ್ತಾರೆ. ಹೊತ್ತಿಸುವ ಮೊದಲು ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಸುರುಳಿ ಸುರುಳಿ ಎಲೆಗಳ ನಡುವೆ ಒಂದು ಗಾಢ, ಎಣ್ಣೆ ಪಸೆಯ ಗಂಟು ಕಂಡರೆ ಲಿಗೇರೋ ಇರುವ ಸಾಧ್ಯತೆ ಇದೆ. ಹೊರಗಿನ ಬಣ್ಣಕ್ಕಿಂತ ಈ ಸುಳಿವು ಮೇಲು.

ನಿಮ್ಮ 4ನೇದರ ಹೊರಗಿನ ಎಲೆ ಬಹುಶಃ ಮದೂರೋ ಅನ್ನುವ ಬಗೆಯದ್ದು. ಆ ಎಲೆಯನ್ನು ಜಾಸ್ತಿ ದಿನ, ಜಾಸ್ತಿ ಶಾಖದಲ್ಲಿ ಹುದುಗಿಸುತ್ತಾರೆ. ಕಪ್ಪಾಗುವುದೂ ಆ ಸಿಹಿಯಂಥ ರುಚಿ ಬರುವುದೂ ಅದರಿಂದಲೇ. 6ನೇದರ ತಿಳಿ ರ‍್ಯಾಪರ್ ಬಟ್ಟೆಯ ನೆರಳಿನಲ್ಲಿ ಬೆಳೆಸಿದ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಥರದ್ದು ಇರಬಹುದು. ಒಳಗೆ ಲಿಗೇರೋ ತುಂಬಿಸಿದ್ದರೆ ನಿಮಗೆ ಆದದ್ದೇ ಆಗುತ್ತದೆ.

ಬಿಳಿ ಬೂದಿ ಇದ್ದರೆ ಒಳ್ಳೆ ಸಿಗಾರ್ ಅನ್ನುವುದೂ ಹೀಗೇ. ಬೂದಿಯ ಬಣ್ಣ ಎಲೆಯಲ್ಲಿರುವ ಖನಿಜಗಳಿಂದ, ಮುಖ್ಯವಾಗಿ ಮೆಗ್ನೀಸಿಯಂ, ಕ್ಯಾಲ್ಸಿಯಂನಿಂದ ಬರುತ್ತದೆ. ಅದು ಮಣ್ಣಿನ ಕಥೆ, ಗುಣದ ಕಥೆ ಅಲ್ಲ. ಬೂದಿ ಉದುರದೆ ಉದ್ದಕ್ಕೆ ನಿಂತರೆ ಒಳಗಿರುವುದು ಚೂರು ಎಲೆ ಅಲ್ಲ, ಉದ್ದ ಎಲೆ ಅಂತ ಹೇಳಬಹುದು, ಅಷ್ಟೇ.

ಬಿಳಿ ಪುಡಿಗೆ ಬರೋಣ. ಎಲೆಯ ಎಣ್ಣೆ ಹೊರಬಂದು ಹರಳುಗಟ್ಟಿದೆ, ಅದು ಮಾಗಿದ ಗುರುತು ಅಂತ ಹಳೇ ಮಾತಿದೆ. ನನ್ನ ಕೈಗೆ ಬಂದ ಇಂಥವು ಬಹುಪಾಲು ಬೂಷ್ಟೇ. ಚುಕ್ಕೆ ಚುಕ್ಕೆಯಾಗಿದ್ದರೆ, ನವಿರಾದ ರೋಮದಂತೆ ಎದ್ದಿದ್ದರೆ, ಹಸಿರು ನೀಲಿ ಛಾಯೆ ಇದ್ದರೆ ಅನುಮಾನವೇ ಬೇಡ. ತುದಿಯಲ್ಲಿ, ಅಂದರೆ ಎಲೆಗಳ ಒಳಗಡೆಗೆ ಇಳಿದಿದ್ದರೆ ಎಸೆದುಬಿಡಿ. ಒರೆಸಿ ಸೇದುವವರಿದ್ದಾರೆ. ನಾನು ಆ ಸಲಹೆ ಕೊಡುವುದಿಲ್ಲ, ಅದರಲ್ಲೂ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಸಿಗಾರಿಗೆ. ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಅದು ತಂಬಾಕು ಹುಳ. ಪೆಟ್ಟಿಗೆಯಲ್ಲಿ ಉಳಿದವಕ್ಕೂ ಹತ್ತುವ ಮೊದಲು ಬೇರೆ ಮಾಡಿ.

ದೇಶದ ಊಹೆ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಇವತ್ತಿನ ಒಂದು ಸಿಗಾರಿನಲ್ಲಿ ಈಕ್ವೆಡಾರಿನ ರ‍್ಯಾಪರ್, ಇಂಡೋನೇಷ್ಯಾದ ಬೈಂಡರ್ (ಫಿಲ್ಲರನ್ನು ಹಿಡಿದಿಡುವ ನಡುವಿನ ಎಲೆ), ನಿಕರಾಗುವಾ ಮತ್ತು ಡೊಮಿನಿಕನ್ ಗಣರಾಜ್ಯದ ಫಿಲ್ಲರ್ ಸೇರಿರಬಹುದು, ಸುತ್ತಿದ್ದು ಹೊಂಡುರಾಸಿನಲ್ಲಿ ಆಗಿರಬಹುದು. ಅದರ ದೇಶ ಯಾವುದು ಹೇಳಿ? ಕ್ಯೂಬಾದ ಕ್ರಾಂತಿಯ ನಂತರ ಅಲ್ಲಿನ ಬೆಳೆಗಾರರು, ಕಸುಬುದಾರರು ಬೇರೆ ದೇಶಗಳಿಗೆ ಹೋಗಿ ಅದೇ ತಳಿಯ ಬೀಜ ಬಿತ್ತಿದರು. 1962ರಲ್ಲಿ ಅಮೆರಿಕ ನಿರ್ಬಂಧ ಹೇರಿದ ಮೇಲೆ ಒಂದೇ ಬ್ರ್ಯಾಂಡ್ ಹೆಸರು ಎರಡು ಕಡೆ ಬಂತು. ಮಾಂಟೆಕ್ರಿಸ್ಟೋ, ಪಾರ್ತಗಾಸ್, ಕೊಹಿಬಾ, ಇವೆಲ್ಲ ಕ್ಯೂಬಾದಲ್ಲೂ ಇವೆ, ಕ್ಯೂಬಾದ ಹೊರಗೂ ಇವೆ, ಎಲೆ ಮಾತ್ರ ಬೇರೆ. ಬ್ಯಾಂಡ್ ಇದ್ದಾಗಲೇ ಇಷ್ಟು ಗೋಜಲು. ಬ್ಯಾಂಡ್ ಇಲ್ಲದೆ ನಿಮಗೆ ಹೊಳೆಯಲಿಲ್ಲ ಅಂದರೆ ಅದು ಸೋಲಲ್ಲ. ನಿಕರಾಗುವಾ ಎಲೆಯಲ್ಲಿ ಖಾರ ಮುಂದಿರುತ್ತದೆ, ಕ್ಯಾಮರೂನ್ ರ‍್ಯಾಪರಿನ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಗುಳ್ಳೆ ಸಿಗುತ್ತವೆ, ಹೀಗೆ ಕೆಲವು ಸುಳಿವುಗಳಿವೆ. ಅವು ಮಾತಿಗೆ ಚೆನ್ನ, ಪಂದ್ಯ ಕಟ್ಟುವುದಕ್ಕಲ್ಲ.

ಹೊಗೆ ಒಳಗೆ ಎಳೆಯದಿದ್ದರೂ

6ನೇದು ನಿಮಗೆ ಮಾಡಿದ್ದನ್ನು ನೆನಪಿಸಿಕೊಳ್ಳಿ. ಹೊಗೆ ಶ್ವಾಸಕೋಶಕ್ಕೆ ಹೋಗಿಲ್ಲ, ಆದರೂ ತಲೆ ಸುತ್ತಿತು, ಬೆವರು ಬಂತು. ಹಾಗಾದರೆ ನಿಕೋಟಿನ್ ಎಲ್ಲಿಂದ ಹೋಯಿತು? ಬಾಯಿಂದಲೇ. ಸಿಗಾರ್ ಎಲೆಯನ್ನು ಗಾಳಿಯಲ್ಲಿ ಒಣಗಿಸಿ ಹುದುಗಿಸಿರುತ್ತಾರೆ, ಅದರ ಹೊಗೆ ಸಿಗರೇಟಿನದಕ್ಕಿಂತ ಜಾಸ್ತಿ ಕ್ಷಾರದ್ದು. ಕ್ಷಾರದ ಹೊಗೆಯಲ್ಲಿರುವ ನಿಕೋಟಿನ್ ಬಾಯಿಯ ಒಳಪದರದಿಂದ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಪ್ರಮಾಣವೂ ಕಮ್ಮಿಯಲ್ಲ. ಒಂದು ಸಿಗರೇಟಿನಲ್ಲಿ ತಂಬಾಕು ಒಂದು ಗ್ರಾಮಿಗಿಂತ ಕಮ್ಮಿ. ದೊಡ್ಡ ಸಿಗಾರಿನಲ್ಲಿ 5ರಿಂದ 20 ಗ್ರಾಂ ಇರಬಹುದು, ಒಂದೊಂದು ಸಲ ಒಂದು ಪ್ಯಾಕ್ ಸಿಗರೇಟಿನಷ್ಟು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸಿಗಾರ್ ಬಗ್ಗೆ ಪ್ರತ್ಯೇಕ ವರದಿ ತಂದಿದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿಗೂ ಸಿಗಾರಿಗೂ ಇರುವ ನಂಟಿನಲ್ಲಿ ಅನುಮಾನ ಇಲ್ಲ. ಹೊಗೆ ಒಳಗೆ ಎಳೆಯದಿದ್ದರೆ ಶ್ವಾಸಕೋಶದ ಅಪಾಯ ಸಿಗರೇಟಿಗಿಂತ ಕಮ್ಮಿ, ಸೇದದವರಿಗಿಂತ ಜಾಸ್ತಿ. ಬಾಯಿಗೆ ಆ ರಿಯಾಯಿತಿಯೂ ಇಲ್ಲ, ಹೊಗೆ ಅಲ್ಲೇ ತಾನೇ ಸುತ್ತಾಡುವುದು. ತಿಂಗಳಿಗೆ ಎರಡು ಮೂರು ಅನ್ನುವುದು ದಿನಕ್ಕೆ ಎರಡು ಮೂರರಷ್ಟು ಅಲ್ಲ, ಒಪ್ಪುತ್ತೇನೆ. ಆದರೆ "ಇಷ್ಟರ ತನಕ ಸುರಕ್ಷಿತ" ಅನ್ನುವ ಗೆರೆ ಇಲ್ಲ. ಈ ಕಸುಬಿನಲ್ಲಿ ಅನ್ನ ತಿಂದವನಾಗಿ ಇದನ್ನು ಹೇಳದೆ ರುಚಿಯ ಬಗ್ಗೆ ಮಾತ್ರ ಹೇಳಿದರೆ ಅದು ಮೋಸ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಬಿಟ್ಟುಬಿಡುವುದು ಒಂದು, ಅಪಾಯದ ಲೆಕ್ಕದಲ್ಲಿ ಅದಕ್ಕೆ ಸಾಟಿ ಇಲ್ಲ. ಸೇದುವುದೇ ಆದರೆ ಪಂದ್ಯದ ನೆಪದಲ್ಲಿ ಸಂಖ್ಯೆ ಏರಿಸಬೇಡಿ. ತಿಂಗಳಿಗೆ ಮೂರು ಸೇದುತ್ತಿದ್ದವರು ಪಂದ್ಯ ಅಂತ ಒಮ್ಮೆಲೇ ಆರು ಸಿಗಾರ್ ಹಿಡಿದಿದ್ದೀರಿ. ರುಚಿ ನೋಡಲು ಪೂರ್ತಿ ಸೇದಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಅರ್ಧದಷ್ಟರಲ್ಲಿ ಬೇಕಾದದ್ದೆಲ್ಲ ತಿಳಿದಿರುತ್ತದೆ, ಕೊನೆಯ ಭಾಗದಲ್ಲಂತೂ ಟಾರ್, ನಿಕೋಟಿನ್ ಎರಡೂ ಒತ್ತಾಗಿರುತ್ತವೆ. ಸಣ್ಣ ಅಳತೆಯದ್ದನ್ನು ಆರಿಸಿಕೊಳ್ಳುವುದೂ ಒಂದು ದಾರಿ. ಮೊದಲು ಸಿಗರೇಟ್ ಸೇದುತ್ತಿದ್ದವರಾದರೆ ಇನ್ನೂ ಎಚ್ಚರ, ಅವರಿಗೆ ಗೊತ್ತಿಲ್ಲದೆಯೇ ಹೊಗೆ ಒಳಗೆ ಹೋಗುತ್ತದೆ. ಹೃದಯದ ತೊಂದರೆ, ರಕ್ತದೊತ್ತಡ ಇದ್ದರೆ ಈ ಹವ್ಯಾಸ ಬೇಡ. ಸೇದುವ ಜಾಗದಲ್ಲಿ ಮಕ್ಕಳು, ಬೇರೆಯವರು ಇರಬಾರದು. ಬಾಯಲ್ಲಿ ಬಿಳಿ ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ದಂತವೈದ್ಯರಿಗೆ ತೋರಿಸಿ, ಕಾಯಬೇಡಿ.

ಮತ್ತೆ ತಲೆ ಸುತ್ತಿದರೆ "ಮುಗಿಸಿಬಿಡೋಣ" ಅಂತ ಹಠ ಬೇಡ. ಸಿಗಾರ್ ಕೆಳಗಿಡಿ, ಗಾಳಿಯಲ್ಲಿ ಕೂತುಕೊಳ್ಳಿ, ನೀರು ಕುಡಿಯಿರಿ. ಸ್ವಲ್ಪ ಸಿಹಿ ತಿಂದರೆ ಅನೇಕರಿಗೆ ಹಗುರ ಅನಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ಹೀಗಾಗುವುದು ಜಾಸ್ತಿ. ವಾಂತಿ ನಿಲ್ಲದಿದ್ದರೆ, ಎದೆ ನೋವು ಬಂದರೆ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಹೀಗೆ ಮಾಡಿ

ಆರು ಬೇರೆ ಬೇರೆ ಸಿಗಾರ್ ಬೇಡ. ಎರಡೇ ಬಗೆ ಸಾಕು. ಗೆಳೆಯರು ಮೂರು ಸಿಗಾರ್ ಕೊಡಲಿ: ಎರಡು ಒಂದೇ ಬಗೆ, ಒಂದು ಬೇರೆ. ಬೇರೆಯದು ಯಾವುದು ಅಂತ ಹೇಳುವುದಷ್ಟೇ ನಿಮ್ಮ ಕೆಲಸ. ಸುಮ್ನೆ ಕಣ್ಣು ಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ, ಹಾಗಾಗಿ ಒಂದು ಗೆಲುವಿಗೆ ಬೆಲೆ ಇಲ್ಲ. ಬೇರೆ ಬೇರೆ ತಿಂಗಳಲ್ಲಿ ಮೂರು ಸಲ ಮಾಡಿ ಮೂರೂ ಸರಿ ಬಂದರೆ, ಅದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ 27ರಲ್ಲಿ ಒಂದು. ಆಗ ನಿಮ್ಮ ಮೂಗಿನ ಮೇಲೆ ಸ್ವಲ್ಪ ನಂಬಿಕೆ ಇಡಬಹುದು. ಮೂರನ್ನೂ ಪೂರ್ತಿ ಸೇದುವುದು ಬೇಡ, ಒಂದೊಂದರ ಮೊದಲ ಇಂಚು ಸಾಕು. ಇದರ ಕೊರತೆ ಏನಂದರೆ, ಅರ್ಧ ದಾಟಿದ ಮೇಲೆ ಬದಲಾಗುವ ಸಿಗಾರಿನ ಗುಣ ನಿಮಗೆ ಸಿಗುವುದಿಲ್ಲ. ಆರೋಗ್ಯದ ಲೆಕ್ಕದಲ್ಲಿ ಅದನ್ನು ಬಿಟ್ಟುಕೊಡುವುದು ಲಾಭವೇ.

ಬ್ಯಾಂಡ್ ತೆಗೆದರೆ ಮಾತ್ರ ಹೆಸರು ಮುಚ್ಚಿದ ಹಾಗಲ್ಲ. ಆಕಾರ, ದಪ್ಪ, ಚೌಕಾಕಾರಕ್ಕೆ ಒತ್ತಿದ್ದು, ತಲೆಯ (ಬಾಯಿಗಿಡುವ ಕೊನೆಯ) ಮೇಲೆ ತಿರುಚಿದ ಬಾಲ, ಇವೆಲ್ಲ ಗುಟ್ಟು ಬಿಟ್ಟುಕೊಡುತ್ತವೆ. ಆದ್ದರಿಂದ ಎರಡೂ ಬಗೆ ಒಂದೇ ಉದ್ದ, ಒಂದೇ ದಪ್ಪ ಇರಲಿ. ದಪ್ಪವನ್ನು ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ, 50 ಅಂದರೆ ಸುಮಾರು 20 ಮಿಲಿಮೀಟರ್. ಬಣ್ಣವೂ ಹತ್ತಿರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಬಿಳಿ ಹಾಳೆಯ ಸುರುಳಿಯಲ್ಲಿ ಹಿಡಿದುಕೊಳ್ಳಿ. ಬೆಂಕಿಯ ಹತ್ತಿರ ಹೋಗದಂತೆ ಹಾಳೆಯನ್ನು ತಲೆಯ ಕಡೆಗೇ ಸುತ್ತಿ. ಪರಿಮಳ ಬೆರೆಸಿದ ಸಿಗಾರ್ ಇವುಗಳ ಜೊತೆ ಬರಲೇಬಾರದು, ಒಂದು ರಾತ್ರಿ ಒಂದೇ ಡಬ್ಬಿಯಲ್ಲಿದ್ದರೆ ಉಳಿದವಕ್ಕೂ ಅಂಟಿಕೊಳ್ಳುತ್ತದೆ.

ಹೊತ್ತಿಸುವ ಮೊದಲಿನ ಕೆಲಸವನ್ನು ಹೊಸಬರು ಹಾರಿಸಿಬಿಡುತ್ತಾರೆ. ನನಗೆ ಅದೇ ಇಷ್ಟದ ಭಾಗ, ಅದರಲ್ಲಿ ಹೊಗೆಯೂ ಇಲ್ಲ. ತುದಿಯಿಂದ ತಲೆಯವರೆಗೆ ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಒತ್ತುತ್ತಾ ಹೋಗಿ. ಹದವಾದದ್ದು ಸ್ವಲ್ಪ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಚರಚರ ಸದ್ದು ಬಂದರೆ ಒಣಗಿದೆ. ಕಲ್ಲಿನಂಥ ಒಂದು ಜಾಗ ಸಿಕ್ಕಿದರೆ ಅದನ್ನು ಬರೆದಿಡಿ: "ನಡುವೆ ಗಂಟು". ಆಮೇಲೆ ಅಲ್ಲಿಗೆ ಬಂದಾಗ ಕಹಿ ಅನಿಸಿದರೆ ಎಲೆಯನ್ನು ದೂರಬೇಕಾಗಿಲ್ಲ. ತುದಿ ಮೂಸಿ. ಅಮೋನಿಯಾದ ಘಾಟು ಬಂದರೆ ಎಲೆ ಇನ್ನೂ ಮಾಗಿಲ್ಲ, ಅದಕ್ಕೆ ಈಗ ಅಂಕವೇ ಬೇಡ. ತಲೆ ಕತ್ತರಿಸಿ, ಹೊತ್ತಿಸದೆಯೇ ಒಂದು ದಮ್ ಎಳೆದು ನೋಡಿ. ಎಷ್ಟು ಬಿಗಿ, ಯಾವ ರುಚಿ ಅಂತ ಎರಡು ಪದ ಬರೆಯಿರಿ.

ಹಾಳೆಯ ಮೇಲೆ ಅಡ್ಡ ಗೆರೆ ಎಳೆಯಿರಿ. ಮೇಲೆ ಕಂಡದ್ದು: ಬಿಗಿ, ಉರಿ ನೇರವೋ ಓರೆಯೋ, ಎಷ್ಟು ಸಲ ಆರಿತು, ತಲೆಗೆ ಎಷ್ಟು ಏರಿತು, ಯಾವ ವಾಸನೆ. ಕೆಳಗೆ ಅನಿಸಿದ್ದು: ಹಿಡಿಸಿತಾ ಇಲ್ವಾ. ನಿಮ್ಮ 2 ಮತ್ತು 5ನೇ ಟಿಪ್ಪಣಿಯಲ್ಲಿ ಈ ಎರಡೂ ಕಲಸಿಹೋಗಿವೆ. ಮೂಲೆಯಲ್ಲಿ ದಿನ, ಹೊತ್ತು, ಊಟವಾಗಿ ಎಷ್ಟು ಹೊತ್ತಾಯಿತು, ಜೊತೆಗೆ ಏನು ಕುಡಿದಿರಿ ಅಂತ ಇರಲಿ. ನೀರು ಬಿಟ್ಟು ಬೇರೇನೂ ಬೇಡ ಅಂತಲೇ ನನ್ನ ಸಲಹೆ.

ಇನ್ನು ಆ ಗೆಳೆಯರಿಗೆ ಒಂದು ಮಾತು ಕೇಳಿ: ಈ ಸಿಗಾರ್‌ಗಳು ಅವರ ಪೆಟ್ಟಿಗೆಯಲ್ಲಿ ಎಷ್ಟು ದಿನ ಇದ್ದವು, ಅದಕ್ಕೂ ಮೊದಲು ಎಲ್ಲಿದ್ದವು? ಹೆಸರು ಹೇಳುವುದು ಬೇಡ, ಇದನ್ನು ಹೇಳಿದರೆ ಸಾಕು. ಉತ್ತರ ಸರಿಯಾಗಿ ಬರದಿದ್ದರೆ ಸೇದುವ ಮೊದಲು ಎಲ್ಲವನ್ನೂ ಒಂದೇ ಗಾಳಿಯಾಡದ ಡಬ್ಬಿಯಲ್ಲಿ, 65 ಶೇಕಡಾ ತೇವ ಕಾಯುವ ಪೊಟ್ಟಣ ಹಾಕಿ, ಕನಿಷ್ಠ ಎರಡು ಮೂರು ವಾರ ಇಡಿ. ಬೂಷ್ಟು ಇದ್ದ 3ನೇದು ಎಲ್ಲಿತ್ತೋ ಆ ಡಬ್ಬಿಯನ್ನು ಮಾತ್ರ ಇದಕ್ಕೆ ಬಳಸಬೇಡಿ.